ಮೀನಿನ ಲೆಕ್ಕ ತಪ್ಪಿದೆ: ಕೋಷ್ಟಕದಿಂದ ಕ್ರೇಟಿನವರೆಗೆ ಹಿಂದಕ್ಕೆ ನಡೆಯುವುದು ಹೇಗೆ

ಒಂದು ತಿಂಗಳ ಕೋಷ್ಟಕ ಕೈಗೆ ಬಂತು. ಹೋದ ವರ್ಷ ಇದೇ ತಿಂಗಳು ಒಂದು ಇಳಿದಾಣದಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವ ದಡದಲ್ಲಿ, 1,220 ಟನ್ ಮೀನು ಬಂದಿತ್ತು. ಈ ವರ್ಷ 1,890 ಟನ್. ದೋಣಿಯವರನ್ನು ಕೇಳಿದರೆ 'ಹೋದ ಸಲದ ಹಾಗೇ ಇದೆ ಅಲ್ವಾ' ಅಂದರು. ಹಾಗಾದರೆ ಜಾಸ್ತಿಯಾದ 670 ಟನ್ ಹುಟ್ಟಿದ್ದು ಎಲ್ಲಿ? ನೀರಿನಲ್ಲೋ, ಕಾಗದದಲ್ಲೋ?

ಇಂಥ ಹೊತ್ತಿನಲ್ಲಿ ಅಂಕಿಅಂಶ ವಿಭಾಗದಲ್ಲಿ ಕೂತವರಿಗೆ ಎರಡು ಆಸೆ ಹುಟ್ಟುತ್ತದೆ. ಒಂದು, ಬಂದ ಅಂಕಿಯನ್ನು ಸುಮ್ನೆ ಮುಂದಕ್ಕೆ ಕಳಿಸಿಬಿಡುವುದು. ಇನ್ನೊಂದು, ಹೋದ ವರ್ಷದ ಅಂಕಿಗೆ ನೂರಕ್ಕೆ ಐದು ಸೇರಿಸಿ 'ಸರಿ' ಮಾಡಿಬಿಡುವುದು. ನನ್ನನ್ನು ಕೇಳಿದರೆ ಎರಡನೆಯದೇ ಕೆಟ್ಟದ್ದು. ತಪ್ಪು ಅಂಕಿ ಕಣ್ಣಿಗೆ ಚುಚ್ಚುತ್ತದೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತದೆ. ತೇಪೆ ಹಾಕಿದ ಅಂಕಿ ನೋಡಲು ಚೆನ್ನಾಗಿರುತ್ತದೆ, ಹಾಗಾಗಿ ಯಾರೂ ಅದನ್ನು ಕೇಳುವುದಿಲ್ಲ. ಅಂಕಿಗೆ ಕೈ ಹಚ್ಚಬೇಡಿ. ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ.

ಮೊದಲ ಪ್ರಶ್ನೆ: ಇದು ದೋಷವೇ ಹೌದಾ?

ಅಂಕಿ ನೆಗೆದಿದೆ ಅಂದಮಾತ್ರಕ್ಕೆ ತಪ್ಪು ಅಂತಲ್ಲ. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯ ಆಂಚೊವೆಟಾ ಮೀನಿನ ಹಿಡುವಳಿ (ಹಿಡಿದ ಮೀನಿನ ಒಟ್ಟು ತೂಕ) 1970ರಲ್ಲಿ ಸುಮಾರು 1.3 ಕೋಟಿ ಟನ್ ಇತ್ತು. 1973ರ ಹೊತ್ತಿಗೆ 20 ಲಕ್ಷ ಟನ್ನಿಗಿಂತ ಕೆಳಗೆ ಬಿತ್ತು. ಲೆಕ್ಕ ಬರೆದವರ ತಪ್ಪೇನೂ ಇರಲಿಲ್ಲ. ಮಿತಿಮೀರಿ ಹಿಡಿದದ್ದರ ಮೇಲೆ 1972ರ ಎಲ್ ನಿನೊ ಬಂದು ಸಮುದ್ರದ ನೀರು ಬಿಸಿಯಾಗಿ ಮೀನೇ ಹೋಗಿತ್ತು.

ಇದಕ್ಕೆ ಉಲ್ಟಾ ಉದಾಹರಣೆ ಮ್ಯಾನ್ಮಾರಿನದು. 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಅಲ್ಲಿನ ಕರಾವಳಿಯನ್ನು ಚಿಂದಿ ಮಾಡಿತು. ಆದರೆ ಮೀನಿನ ಹಿಡುವಳಿಯ ಅಂಕಿ ಮಾತ್ರ ಏನೂ ಆಗದ ಹಾಗೆ ಏರುತ್ತಲೇ ಇತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಕೂತು ನೋಡಿದಾಗ, ಅವು ಅಳೆದ ಅಂಕಿಗಳಲ್ಲ, ಗುರಿಯ ಅಂಕಿಗಳು ಅಂತ ಗೊತ್ತಾಯಿತು. ಆಮೇಲೆ 2006ರಿಂದ 2015ರವರೆಗಿನ ಸಾಲನ್ನು ಕೆಳಕ್ಕೆ ತಿದ್ದಬೇಕಾಯಿತು.

ಹಾಗಾಗಿ ನನ್ನ ಅಭ್ಯಾಸ ಇದು. ನೆಗೆಯುವ ಅಂಕಿಯನ್ನು ಒಂದು ಸಲ ಅನುಮಾನಿಸುತ್ತೇನೆ, ನುಣ್ಣಗೆ ಏರುವ ಅಂಕಿಯನ್ನು ಎರಡು ಸಲ. ಮೀನು ನುಣ್ಣಗೆ ಬೆಳೆಯುವುದಿಲ್ಲ. ಗಾಳಿ, ಮಳೆ, ಡೀಸೆಲ್ ಬೆಲೆ, ರೋಗ ಎಲ್ಲವೂ ಅಂಕಿಯಲ್ಲಿ ಗೀರು ಬೀಳಿಸಬೇಕು. ವರ್ಷದಿಂದ ವರ್ಷಕ್ಕೆ ಒಂದೇ ಶೇಕಡಾ ಏರಿಕೆ ಇದ್ದರೆ, ಅಥವಾ ಎರಡು ವರ್ಷ ಕೊನೆಯ ಅಂಕೆಯವರೆಗೂ ಒಂದೇ ಸಂಖ್ಯೆ ಇದ್ದರೆ, ಯಾರೋ ನೀರಿಗೆ ಇಳಿಯದೆ ಈಜಿದ್ದಾರೆ ಅಂತಲೇ ತಿಳಿಯಿರಿ.

ಭಾಗಿಸಿ ನೋಡಿ

ಎರಡು ನಿಮಿಷದ ಪರೀಕ್ಷೆ ಇದು. ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ. ಉತ್ತರವೇ ಎಷ್ಟೋ ಸಲ ಬಾಯಿ ಬಿಡುತ್ತದೆ.

1,000 ಬಂದರೆ ಕೆಜಿಯನ್ನು ಟನ್ ಕಾಲಂನಲ್ಲಿ ಬರೆದಿದ್ದಾರೆ. 2.2 ಬಂದರೆ ಪೌಂಡು ಕೆಜಿಯಾಗಿದೆ. ಸರಿಯಾಗಿ 10 ಬಂದರೆ ಒಂದು ಸೊನ್ನೆ ಜಾಸ್ತಿ. ಸರಿಯಾಗಿ 2 ಬಂದರೆ ಒಂದೇ ಕಡತ ಎರಡು ಸಲ ಸೇರಿದೆ. ಕಡಲಕಳೆಯ ಸಾಲಿನಲ್ಲಿ ಅಂಕಿ ಹಲವು ಪಟ್ಟು ಕುಸಿದರೆ ಒಣ ತೂಕವನ್ನು ಹಸಿ ತೂಕದ ಜಾಗದಲ್ಲಿ ಬರೆದಿರುವ ಸಾಧ್ಯತೆ ಜಾಸ್ತಿ. ಜಾಗತಿಕ ಲೆಕ್ಕದಲ್ಲಿ ಕಡಲಕಳೆ ಹಸಿ ತೂಕದಲ್ಲೇ ಇರುತ್ತದೆ. 2022ರಲ್ಲಿ ಕಡಲಕಳೆ, ಪಾಚಿಗಳ ಉತ್ಪಾದನೆ 3.78 ಕೋಟಿ ಟನ್ ಅಂತ ಎಫ್‌ಎಒ ಹೇಳುವುದು ಆ ಲೆಕ್ಕದಲ್ಲಿ.

1.2ರ ಆಸುಪಾಸು ಬಂದರೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕು. ಹಿಡುವಳಿಯನ್ನು ಇಡೀ ಮೀನಿನ ತೂಕಕ್ಕೆ ತಂದು ಬರೆಯುವುದು ನಿಯಮ. ಕರುಳು ತೆಗೆದು, ತಲೆ ಕತ್ತರಿಸಿ ದಡಕ್ಕೆ ಬಂದ ಮೀನಿಗೆ ಒಂದು ಗುಣಕ ಹಾಕಬೇಕು. ಯೂರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ ಕರುಳು ತೆಗೆದ ತಾಜಾ ಕಾಡ್ ಮೀನಿಗೆ 1.17, ತಲೆಯನ್ನೂ ತೆಗೆದರೆ 1.70. ಒಬ್ಬರು ಗುಣಕ ಹಾಕಿ ಕಳಿಸುತ್ತಾರೆ. ಮೇಲಿನ ಕಚೇರಿಯಲ್ಲಿ ಇನ್ನೊಬ್ಬರು ಮತ್ತೆ ಹಾಕುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಕಾಲಂನ ತಲೆಯ ಮೇಲೆ 'ತೂಕ' ಅಂತ ಮಾತ್ರ ಬರೆದಿತ್ತು, ಅಷ್ಟೇ.

ನನ್ನ 1,890ನ್ನು 1,220ರಿಂದ ಭಾಗಿಸಿದರೆ ಸುಮಾರು 1.55. ಯಾವ ಗುಣಕಕ್ಕೂ ಸರಿಹೊಂದಲಿಲ್ಲ. ಮುಂದೆ ಹೋಗಬೇಕಾಯಿತು.

ಮಧ್ಯದಲ್ಲಿ ಟೆಸ್ಟರ್ ಇಡಿ

ವೈರಿಂಗ್ ಕೆಟ್ಟರೆ ಎಲೆಕ್ಟ್ರಿಷಿಯನ್ ಮನೆಯ ಗೋಡೆಯನ್ನೆಲ್ಲ ಒಡೆಯುವುದಿಲ್ಲ. ನಡುವೆ ಒಂದು ಕಡೆ ಟೆಸ್ಟರ್ ಇಟ್ಟು, ಕರೆಂಟು ಇಲ್ಲಿಯವರೆಗೆ ಬಂದಿದೆಯಾ ಅಂತ ನೋಡುತ್ತಾನೆ. ನಮ್ಮ ದಾರಿಯೂ ಹಾಗೇ. ಬುಟ್ಟಿ ಅಥವಾ ಕ್ರೇಟ್, ದಡದಲ್ಲಿ ನಿಂತು ಮೀನಿನ ಲೆಕ್ಕ ಬರೆಯುವ ಗಣತಿದಾರರ ಪುಸ್ತಕ, ತಿಂಗಳ ಮಾದರಿ, ಹಿಗ್ಗಿಸಿದ ಲೆಕ್ಕ, ವಲಯದ ಮೊತ್ತ, ದೇಶದ ಮೊತ್ತ. ಇದರ ನಡು ಅಂದರೆ ಹಿಗ್ಗಿಸುವ ಹಂತ. ಎಲ್ಲ ದೋಣಿಗಳನ್ನೂ ಎಲ್ಲ ದಿನವೂ ಯಾರಿಂದಲೂ ತೂಗಲು ಆಗುವುದಿಲ್ಲ. ಕೆಲವು ದಿನ, ಕೆಲವು ದೋಣಿ ನೋಡಿ ಇಡೀ ತಿಂಗಳಿಗೆ ಹಿಗ್ಗಿಸುತ್ತೇವೆ. ಇಲ್ಲಿಗೆ ಬರುವ ಮುಂಚಿನ ಮಾದರಿಯ ಸರಾಸರಿ ಹೋದ ವರ್ಷದ ಹಾಗೇ ಇದ್ದರೆ ತಪ್ಪು ಮೇಲಿದೆ. ಅಲ್ಲೇ ಬದಲಾಗಿದ್ದರೆ ತಪ್ಪು ಕೆಳಗಿದೆ.

ನಾನು ನೋಡಿದಾಗ ಒಂದು ದೋಣಿಯ ಒಂದು ಸಲದ ಸರಾಸರಿ 180 ಕೆಜಿ ಇತ್ತು. ಹೋದ ವರ್ಷವೂ ಹೆಚ್ಚು ಕಡಿಮೆ ಅಷ್ಟೇ. ಇನ್ನೊಂದು ಸುಳಿವೂ ಸಿಕ್ಕಿತು. ಎಲ್ಲ ಜಾತಿಯ ಮೀನೂ ಒಂದೇ ಪ್ರಮಾಣದಲ್ಲಿ ಏರಿತ್ತು. ಸಿಗಡಿ, ಬಂಗುಡೆ, ಸ್ಕ್ವಿಡ್ ಎಲ್ಲವೂ ಕೈಕೈ ಹಿಡಿದು ಒಂದೂವರೆ ಪಟ್ಟು ಆಗುವುದಿಲ್ಲ. ಹಾಗೆ ಆಗಿದೆ ಅಂದರೆ ಮೇಲಿಂದ ಯಾರೋ ಒಂದೇ ಸಂಖ್ಯೆಯಿಂದ ಗುಣಿಸಿದ್ದಾರೆ.

ಹಿಗ್ಗಿಸುವ ಲೆಕ್ಕ: ಹೆಚ್ಚಿನ ತಪ್ಪು ಇಲ್ಲೇ

ಲೆಕ್ಕ ಸುಲಭ. ದೋಣಿಗಳ ಸಂಖ್ಯೆ, ತಿಂಗಳಲ್ಲಿ ಮೀನಿಗೆ ಹೋಗಬಹುದಾದ ದಿನ, ಒಂದು ದಿನ ನೂರಕ್ಕೆ ಎಷ್ಟು ದೋಣಿ ನಿಜಕ್ಕೂ ಹೊರಟವು ಅನ್ನುವ ಚಟುವಟಿಕೆ ಗುಣಕ, ಒಂದು ಸಲದ ಸರಾಸರಿ ತೂಕ. ನಾಲ್ಕನ್ನೂ ಗುಣಿಸಬೇಕು.

600 ದೋಣಿ, 25 ದಿನ, 0.7 ಗುಣಕ, 180 ಕೆಜಿ. ಗುಣಿಸಿದರೆ 1,890 ಟನ್. ಕೋಷ್ಟಕದ ಅಂಕಿ ಬಂದದ್ದು ಹೀಗೆ.

ಎಲ್ಲರೂ 180ರ ಮೇಲೆ ಜಗಳವಾಡುತ್ತಾರೆ. ತೂಕ ಸರಿ ಇತ್ತಾ, ಮಾದರಿ ಸಾಕಾ ಅಂತ. 0.7 ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಕೇಳಿದೆ. ಹೋದ ವರ್ಷ ಆ ತಿಂಗಳು ಒಬ್ಬರು ದಿನಾ ಬೆಳಿಗ್ಗೆ ದಡದಲ್ಲಿ ನಿಂತ ದೋಣಿಗಳನ್ನು ಎಣಿಸಿದ್ದರು. ಈ ವರ್ಷ ಆ ಹುದ್ದೆ ಖಾಲಿ. ಹಾಗಾಗಿ ಇಡೀ ವರ್ಷದ ಸರಾಸರಿಯಾದ 0.7 ಹಾಕಿದ್ದಾರೆ. ಅದು ಗಾಳಿಯ ತಿಂಗಳು. ಐಸ್ ಅಂಗಡಿಯವರ ಪುಸ್ತಕ ಮತ್ತು ಡೀಸೆಲ್ ಬಂಕಿನ ರಸೀದಿ ತೆಗೆದು ನೋಡಿದರೆ ದಿನಕ್ಕೆ ನೂರಕ್ಕೆ 45 ದೋಣಿಗಿಂತ ಜಾಸ್ತಿ ಹೊರಟಿರಲಿಲ್ಲ. 0.45 ಹಾಕಿದರೆ 1,215 ಟನ್. 675 ಟನ್ ಮೀನು ಒಂದು ದಶಮಾಂಶದಲ್ಲಿ ಹುಟ್ಟಿ ಬೆಳೆದಿತ್ತು.

ಇದೇ ಜಾಗದಲ್ಲಿ ಇನ್ನೂ ಎರಡು ಕಳ್ಳರಿರುತ್ತಾರೆ. ದೋಣಿಗಳ ಪಟ್ಟಿ ಮೊದಲನೆಯದು. ನೋಂದಣಿ ಆದ ದೋಣಿ ಸುಲಭಕ್ಕೆ ಪಟ್ಟಿಯಿಂದ ಹೊರಗೆ ಹೋಗುವುದಿಲ್ಲ. ಮುರಿದದ್ದು, ಮಾರಿದ್ದು, ಮರಳಿನಲ್ಲಿ ಹೂತದ್ದು ಎಲ್ಲವೂ ಕಾಗದದ ಮೇಲೆ ದಿನಾ ಕಡಲಿಗೆ ಹೋಗಿ ಬರುತ್ತವೆ. ನೋಂದಣಿಯೇ ಆಗದ ಸಣ್ಣ ದೋಣಿಗಳ ಕಥೆ ಇದಕ್ಕೆ ವಿರುದ್ಧ, ಅವು ಮೀನು ತಂದರೂ ಲೆಕ್ಕಕ್ಕಿಲ್ಲ. ಎರಡನೆಯದು ಖಾಲಿ ದಿನ. ಗಣತಿದಾರರು ಮೀನು ಬರುವ ದಿನ ನೋಡಿಕೊಂಡು ಬರುತ್ತಾರೆ, ಮೀನಿರುವ ದೋಣಿಯ ಹತ್ತಿರವೇ ಹೋಗುತ್ತಾರೆ. ಬರಿಗೈಯಲ್ಲಿ ಬಂದ ದೋಣಿಯನ್ನು ಯಾರೂ ಬರೆಯುವುದಿಲ್ಲ. ಪುಸ್ತಕದಲ್ಲಿ ಒಂದೂ ಸೊನ್ನೆ ಇಲ್ಲದಿದ್ದರೆ ಆ ಸರಾಸರಿಯನ್ನು ನಂಬಬೇಡಿ. ಸೊನ್ನೆಯೂ ಖಾಲಿ ಜಾಗವೂ ಒಂದೇ ಅಲ್ಲ ಅನ್ನುವುದನ್ನು ಗಣತಿದಾರರಿಗೆ ಮೊದಲ ದಿನವೇ ಹೇಳಿಕೊಡಬೇಕು.

ಇನ್ನೂ ಕೆಳಗೆ: ದಡದಲ್ಲಿ ಒಂದು ಬೆಳಗಿನ ಜಾವ

1,215 ಬಂದಾಗ ಫೈಲು ಮುಚ್ಚಬಹುದಿತ್ತು. ಹೋದ ವರ್ಷದ 1,220ಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಪುಸ್ತಕ ತಿರುವುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ತೂಕಗಳೆಲ್ಲ 40, 80, 120, 160, 200. ನಡುವೆ 137 ಇಲ್ಲ, 92 ಇಲ್ಲ. ತಕ್ಕಡಿಯಲ್ಲಿ ತೂಗಿದ್ದರೆ ಹೀಗೆ ಬರಲು ಸಾಧ್ಯವೇ ಇಲ್ಲ.

ಮರುದಿನ ಬೆಳಗಿನ ಜಾವ ಹೋಗಿ ನಿಂತೆ. ಕತ್ತಲು. ಹತ್ತು ಹನ್ನೆರಡು ದೋಣಿ ಒಟ್ಟಿಗೆ ಬಂದು ತಾಗಿದವು. ಕ್ರೇಟ್‌ಗಳು ಕೈಯಿಂದ ಕೈಗೆ ಹಾರುತ್ತಿವೆ. ಹರಾಜು ಆಗಲೇ ಶುರುವಾಗಿದೆ. ಗಣತಿದಾರ ಹುಡುಗ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಕ್ರೇಟ್ ಎಣಿಸುತ್ತಿದ್ದಾನೆ. ಐದು ಕ್ರೇಟ್, 200 ಕೆಜಿ. 'ತೂಗುವುದಿಲ್ವಾ?' ಅಂದೆ. 'ಒಂದು ಕ್ರೇಟಿಗೆ 40 ಕೆಜಿ ಅಂತ ಮೊದಲಿಂದ ಇದೆ ಸಾರ್. ತೂಗೋಕೆ ಹೋದ್ರೆ ಹರಾಜಿನವರು ಬೈತಾರೆ' ಅಂದ. ಅವನ ಮಾತಿನಲ್ಲಿ ತಪ್ಪೇನಿದೆ? ಅವನಿಗೆ ತಕ್ಕಡಿಯನ್ನೇ ಯಾರೂ ಕೊಟ್ಟಿರಲಿಲ್ಲ.

ಒಂದು ನೇತಾಡುವ ತಕ್ಕಡಿ ಕೇಳಿ ತಂದು, ಆ ವಾರವಿಡೀ ಸಿಕ್ಕ ಸಿಕ್ಕ ಕ್ರೇಟ್ ತೂಗಿದೆವು. ಐಸ್ ತೆಗೆದು, ಕ್ರೇಟಿನ ತೂಕ ಕಳೆದು, ಸರಾಸರಿ 31 ಕೆಜಿ. ವಿಚಾರಿಸಿದರೆ ಹಳೆಯ ಕ್ರೇಟ್‌ಗಳು ಒಡೆದು ಹೋಗಿ, ಸ್ವಲ್ಪ ಚಿಕ್ಕ ಕ್ರೇಟ್ ಬಂದು ಎರಡು ವರ್ಷವಾಗಿತ್ತು. ಕ್ರೇಟ್ ಬದಲಾದದ್ದು ದಡದಲ್ಲಿದ್ದ ಎಲ್ಲರಿಗೂ ಗೊತ್ತು, ಕೋಷ್ಟಕಕ್ಕೆ ಮಾತ್ರ ಗೊತ್ತಿಲ್ಲ.

ಜಾತಿಯ ಕಾಲಂ

ಲಕ್ಷಣ: ಒಂದು ಮೀನು ಯಾವ ವರ್ಷ ಮಾಯವಾಯಿತೋ ಅದೇ ವರ್ಷ ಇನ್ನೊಂದು ಪ್ರತ್ಯಕ್ಷ. ಕಾರಣ ಬಹುತೇಕ ಸಂಕೇತದ ಬದಲಾವಣೆ. ಮೀನಿಗೆ ಊರಿಗೊಂದು ಹೆಸರು ಇರುವುದರಿಂದ ಎಫ್‌ಎಒ ಪಟ್ಟಿಯ ಮೂರಕ್ಷರದ ಸಂಕೇತ ಬಳಸಿದರೆ ಈ ಗೊಂದಲ ಬಹಳಷ್ಟು ತಪ್ಪುತ್ತದೆ. ಆ ಪಟ್ಟಿಯಲ್ಲೇ 'ಎಂಝಡ್‌ಝಡ್' ಅಂತ ಒಂದಿದೆ, ಅಂದರೆ ಬೇರೆಲ್ಲೂ ಸೇರದ ಸಮುದ್ರದ ಮೀನು. ಈ 'ಇತರೆ' ಸಾಲು ವರ್ಷದಿಂದ ವರ್ಷಕ್ಕೆ ಊದುತ್ತಿದ್ದರೆ ಸಮುದ್ರದಲ್ಲಿ ವಿಚಿತ್ರ ಮೀನು ಜಾಸ್ತಿಯಾಗಿಲ್ಲ, ಗುರುತಿಸುವವರು ಕಡಿಮೆಯಾಗಿದ್ದಾರೆ.

ಕೆಲವು ಮೀನು ನಿಜಕ್ಕೂ ಮೋಸ ಮಾಡುತ್ತವೆ. ಹಳದಿರೆಕ್ಕೆ ಟ್ಯೂನಾದ ಮರಿಯನ್ನೂ ದೊಡ್ಡಕಣ್ಣಿನ ಟ್ಯೂನಾದ ಮರಿಯನ್ನೂ, ಅದರಲ್ಲೂ ಹೆಪ್ಪುಗಟ್ಟಿದ ಮೇಲೆ, ಪಳಗಿದವರೇ ತಪ್ಪಾಗಿ ಹೇಳುತ್ತಾರೆ. ಅಲ್ಲಿ ದೋಣಿಯ ಪುಸ್ತಕ ನಂಬದೆ, ಮಾದರಿ ತೆಗೆದು ಪಾಲು ಲೆಕ್ಕ ಹಾಕುವುದೇ ದಾರಿ.

ಸಾಕಿದ ಮೀನು: ಬೇರೆಯೇ ರೋಗ

2022ರಲ್ಲಿ ಸಾಕಿದ ಜಲಪ್ರಾಣಿಗಳ ಉತ್ಪಾದನೆ 9.44 ಕೋಟಿ ಟನ್ ಮುಟ್ಟಿ, ಹಿಡಿದದ್ದರ 9.1 ಕೋಟಿ ಟನ್ನನ್ನು ಮೊದಲ ಸಲ ದಾಟಿತು. ಅಂದರೆ ಜಗತ್ತಿನ ಮೀನಿನ ಲೆಕ್ಕದ ಅರ್ಧಕ್ಕಿಂತ ಜಾಸ್ತಿ ಈಗ ಕೊಳ, ಪಂಜರಗಳ ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕವನ್ನು ಎಷ್ಟೋ ಕಡೆ ಯಾರೂ ಅಳೆಯುವುದೇ ಇಲ್ಲ. ಕೊಳದ ವಿಸ್ತೀರ್ಣವನ್ನು ಹೆಕ್ಟೇರಿಗೆ ಇಷ್ಟು ಅನ್ನುವ ಒಂದು ಹಳೆಯ ಇಳುವರಿಯಿಂದ ಗುಣಿಸುತ್ತಾರೆ. ಬತ್ತಿದ ಕೊಳವೂ ಮೀನು ಕೊಡುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆಯುವ ಕಡೆ ವಿಸ್ತೀರ್ಣವನ್ನೂ ಎರಡು ಸಲ ಬರೆದು, ಇಳುವರಿಯನ್ನೂ ಇಡೀ ವರ್ಷದ್ದು ಹಾಕಿದರೆ ಉತ್ಪಾದನೆ ಕೂತಲ್ಲೇ ದುಪ್ಪಟ್ಟಾಗುತ್ತದೆ.

ಪರೀಕ್ಷೆ ಮಾಡಲು ಕೊಳಕ್ಕೆ ಇಳಿಯಬೇಕಿಲ್ಲ. ಮರಿ ಮತ್ತು ಮೇವಿನ ಲೆಕ್ಕ ಕೇಳಿ. ಒಂದು ಲಕ್ಷ ಗೆಂಡೆ ಮರಿ ಬಿಟ್ಟಿದ್ದಾರೆ, ನೂರಕ್ಕೆ 60 ಉಳಿದವು, ಒಂದೊಂದು 800 ಗ್ರಾಂ ಬೆಳೆದವು ಅಂದುಕೊಳ್ಳಿ. 48 ಟನ್. ಕೋಷ್ಟಕ 90 ಟನ್ ಅನ್ನುತ್ತಿದ್ದರೆ ಒಂದೋ ಮರಿಯ ಲೆಕ್ಕ ತಪ್ಪು, ಇಲ್ಲ ಮೀನಿನದ್ದು. ಆಗ ಮೇವು ಮಾರಿದವರನ್ನು ಕೇಳಿ. ಒಂದು ಕೆಜಿ ಮೀನಿಗೆ ಒಂದೂವರೆ ಕೆಜಿ ಮೇವು ಹಿಡಿದರೆ 48 ಟನ್ನಿಗೆ 72 ಟನ್ ಬೇಕು, 90ಕ್ಕೆ 135. ಮಾರಿದ್ದು 70 ಟನ್ ಆಸುಪಾಸು ಇದ್ದರೆ ಉತ್ತರ ಸಿಕ್ಕಿತು. ಗೊಬ್ಬರ ಹಾಕಿ ನೀರಿನಲ್ಲೇ ಆಹಾರ ಬೆಳೆಸುವ ಕೊಳಗಳಿಗೆ ಈ ಮೇವಿನ ಪರೀಕ್ಷೆ ನಡೆಯುವುದಿಲ್ಲ, ಅದು ನೆನಪಿರಲಿ.

ಹಿಡಿದದ್ದೋ ಸಾಕಿದ್ದೋ ಅನ್ನುವ ಗಡಿಯಲ್ಲೂ ಎಡವುತ್ತಾರೆ. ಸಾಕುವಾಗ ಆ ಮೀನಿಗೆ ಒಬ್ಬ ಒಡೆಯ ಇದ್ದರೆ ಅದು ಸಾಕಣೆ. ಮರಿ ಬಿಟ್ಟು, ಯಾರು ಬೇಕಾದರೂ ಹಿಡಿಯಬಹುದಾದ ನೀರಾದರೆ ಹಿಡುವಳಿ. ಕಡಲಲ್ಲಿ ಹಿಡಿದ ಟ್ಯೂನಾವನ್ನು ಪಂಜರದಲ್ಲಿಟ್ಟು ಕೊಬ್ಬಿಸಿದರೆ ಹಿಡಿದಾಗಿನ ತೂಕ ಹಿಡುವಳಿಗೆ, ಆಮೇಲೆ ಹೆಚ್ಚಿದ ತೂಕ ಮಾತ್ರ ಸಾಕಣೆಗೆ. ಪೂರ್ತಿ ತೂಕವನ್ನು ಎರಡೂ ಕಡೆ ಬರೆದವರನ್ನು ನೋಡಿದ್ದೇನೆ.

ಬೇರೆ ಕಡೆಯ ಲೆಕ್ಕ ತಂದು ಪಕ್ಕದಲ್ಲಿಡಿ

ಉತ್ಪಾದನೆಗೆ ಆಮದು ಸೇರಿಸಿ, ರಫ್ತು ಕಳೆಯಿರಿ. ಋಣ ಸಂಖ್ಯೆ ಬಂದರೆ ಇಲ್ಲದ ಮೀನನ್ನು ಜನ ತಿಂದು ರಫ್ತೂ ಮಾಡಿದ್ದಾರೆ ಅಂತ. ಒಂದು ದೇಶದ ಹಡಗು ಇನ್ನೊಂದು ದೇಶದ ಬಂದರಿನಲ್ಲಿ ಮೀನು ಇಳಿಸಿದಾಗ ಇದು ಜಾಸ್ತಿ. ಹಿಡುವಳಿ ಯಾವ ಧ್ವಜದ ಹಡಗೋ ಆ ದೇಶಕ್ಕೆ ಸೇರಬೇಕು.

ಮನೆಗಳಲ್ಲಿ ಏನು ತಿಂದರು ಅನ್ನುವ ಸಮೀಕ್ಷೆ ಇನ್ನೂ ಒಳ್ಳೆಯ ಟೆಸ್ಟರ್. ನದಿ, ಕೆರೆಯ ಮೀನು ಇಳಿದಾಣಕ್ಕೆ ಬರುವುದೇ ಇಲ್ಲ, ನೇರ ಒಲೆಗೆ ಹೋಗುತ್ತದೆ. 42 ದೇಶಗಳ ಇಂಥ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದ 2018ರ ಒಂದು ಅಧ್ಯಯನ, ಸಿಹಿನೀರಿನ ಹಿಡುವಳಿ ಸರ್ಕಾರಿ ಲೆಕ್ಕಕ್ಕಿಂತ ಸುಮಾರು 65 ಶೇಕಡಾ ಜಾಸ್ತಿ ಇರಬೇಕು ಅಂದಿತು. ಸಮುದ್ರದ್ದೂ ಅಂಥದೇ ಕಥೆ. ಮೀನುಗಾರಿಕೆ ವಿಜ್ಞಾನಿಗಳಾದ ಡ್ಯಾನಿಯಲ್ ಪೌಲಿ ಮತ್ತು ಡಿರ್ಕ್ ಝೆಲ್ಲರ್ 2016ರಲ್ಲಿ ಕಟ್ಟಿದ ಲೆಕ್ಕದ ಪ್ರಕಾರ, 1996ರಲ್ಲಿ ವರದಿಯಾದದ್ದು 8.6 ಕೋಟಿ ಟನ್, ನಿಜಕ್ಕೂ ಹಿಡಿದದ್ದು 13 ಕೋಟಿ ಟನ್. ವ್ಯತ್ಯಾಸದಲ್ಲಿ ಕಡಲಿಗೇ ಎಸೆದ ಮೀನೂ ಸೇರಿದೆ. ಹಿಡುವಳಿಯ ಅಧಿಕೃತ ಲೆಕ್ಕ ಅದನ್ನು ಸೇರಿಸಿಕೊಳ್ಳುವುದೇ ಇಲ್ಲ, ಹಾಗಾಗಿ ಎರಡನ್ನೂ ಹೋಲಿಸುವಾಗ ಎಚ್ಚರ.

ಅಂಕಿ ಸರಿ, ಅರ್ಥ ತಪ್ಪು

ಇದು ಕೋಷ್ಟಕದಲ್ಲಿ ಕಾಣದ ದೋಷ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ 1980ರ ದಶಕದಲ್ಲಿ ದೊಡ್ಡ ಟ್ರಾಲರ್‌ಗಳಿಗೆ ಗಂಟೆಗೆ ಸಿಗುವ ಕಾಡ್ ಮೀನು ಚೆನ್ನಾಗಿಯೇ ಇತ್ತು. ಸಂಶೋಧನಾ ಹಡಗಿನ ಸಮೀಕ್ಷೆ ಅಷ್ಟು ಚೆನ್ನಾಗಿರಲಿಲ್ಲ. ಉಳಿದ ಮೀನು ಗುಂಪುಗೂಡಿ ನಿಲ್ಲುತ್ತಿತ್ತು, ಟ್ರಾಲರ್‌ಗಳು ಆ ಗುಂಪನ್ನೇ ಹುಡುಕಿ ಹೋಗುತ್ತಿದ್ದವು. ಹಾಗಾಗಿ ಮೀನು ಕಡಿಮೆಯಾದರೂ ಬಲೆ ತುಂಬುತ್ತಿತ್ತು. 1992ರ ಜುಲೈನಲ್ಲಿ ಅಲ್ಲಿನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಬಲೆಗೆ ಸಿಕ್ಕಿದ್ದನ್ನು ನೀರಿನಲ್ಲಿ ಇರುವುದು ಅಂತ ಓದುವವರಿಗೆ ನಾನು ಈ ಕಥೆ ಹೇಳುತ್ತೇನೆ.

ರಿಪೇರಿ

ಹೆಚ್ಚು ಕಾಲಂ ಸೇರಿಸುವುದು ರಿಪೇರಿಯಲ್ಲ. ಮೂರು ಪುಟದ ಫಾರಂ ಕೊಟ್ಟರೆ ಗಣತಿದಾರರು ಎರಡೂವರೆ ಪುಟ ಮನೆಯಲ್ಲಿ ಕೂತು ತುಂಬುತ್ತಾರೆ. ದೋಣಿ, ಬಲೆ, ಹೊರಟ ದಿನ, ಮೂರ್ನಾಲ್ಕು ಮುಖ್ಯ ಜಾತಿಯ ತೂಕ. ಅಷ್ಟು ಸರಿಯಾಗಿ ಬಂದರೆ ಸಾಕು. ಕೈಗೊಂದು ತಕ್ಕಡಿ ಕೊಡಿ.

ಗುರಿ ಮುಟ್ಟಿದ್ದಕ್ಕೆ ಬೆನ್ನು ತಟ್ಟಿಸಿಕೊಳ್ಳುವವರ ಕೈಯಲ್ಲೇ ಎಣಿಕೆಯನ್ನೂ ಕೊಡಬೇಡಿ. 2001ರಲ್ಲಿ ಸಂಶೋಧಕರಾದ ರೆಗ್ ವಾಟ್ಸನ್ ಮತ್ತು ಪೌಲಿ ಚೀನಾದ ಹಿಡುವಳಿ ಅಂಕಿ ಊದಿದೆ ಅಂದಾಗ ಅದರ ಹಿಂದೆ ಕಂಡದ್ದು ಇದೇ ಕಾರಣ. ಕೆಳಗಿನವರ ಬಡ್ತಿ ಉತ್ಪಾದನೆಯ ಏರಿಕೆಗೆ ಅಂಟಿಕೊಂಡಿತ್ತು.

ಚೀನಾ ಮುಂದೆ ಮಾಡಿದ್ದು ಮಾತ್ರ ಮೆಚ್ಚುವಂಥದ್ದು. 2006ರ ಕೃಷಿ ಗಣತಿಯಲ್ಲಿ ಮೀನಿನ ಪ್ರಶ್ನೆ ಸೇರಿಸಿ, ಆ ವರ್ಷದ ಅಂಕಿಯನ್ನು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿಸಿತು. ಅದರ ಮೇಲೆ 1997ರವರೆಗೆ ಹಿಂದಕ್ಕೂ ಸರಿಪಡಿಸಲಾಯಿತು. ಹಿಂದಕ್ಕೆ ಹೋಗುವುದು ಮುಖ್ಯ. ಈ ವರ್ಷ ಹೊಸದಾಗಿ ಹತ್ತು ಇಳಿದಾಣ ಸೇರಿಸಿ, ಹಳೆಯ ವರ್ಷಗಳನ್ನು ಹಾಗೇ ಬಿಟ್ಟರೆ ನಮ್ಮ ಒಳ್ಳೆಯ ಕೆಲಸವೇ ಮೀನಿನ ಏರಿಕೆಯಾಗಿ ಕಾಣುತ್ತದೆ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ತಿಂಗಳ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ಹರಾಜಿನ ಶೆಡ್ಡಿನಲ್ಲಿ ಅಂಟಿಸಿ. ನಾವು ಅಂಟಿಸಿದ ಮೂರನೇ ದಿನ ಒಬ್ಬ ಹಿರಿಯ ತಾಂಡೇಲರು (ಬೋಟು ನಡೆಸುವವರು) ಬಂದು ಬೆರಳಿಟ್ಟು ತೋರಿಸಿದರು. 'ಆ ವಾರ ನಮ್ಮ ಕಡೆಯ ಎಂಟು ಬೋಟು ಕಟ್ಟಿ ಹಾಕಿದ್ದವು. ನೀವು ಮೀನು ಬರೆದಿದ್ದೀರಿ.' ಅವರು ಹೇಳಿದ್ದು ಸರಿ ಇತ್ತು. ಯಾರೂ ನೋಡದ ಅಂಕಿಗೆ ಹೀಗೆ ಬೈಗುಳ ಬೀಳುವುದಿಲ್ಲ, ಅದು ಹಾಗೇ ಕೊಳೆಯುತ್ತದೆ.

ತಿದ್ದಿದಾಗ ಹಳೆಯದನ್ನು ಅಳಿಸಬೇಡಿ. ನನ್ನ ಪುಸ್ತಕದ ನಮೂದು ಹೀಗಿದೆ:

'ಮೊದಲ ಅಂಕಿ 1,890 ಟನ್. ಚಟುವಟಿಕೆ ಗುಣಕ 0.7ರ ಬದಲು 0.45, ಆಧಾರ ಐಸ್ ಮತ್ತು ಡೀಸೆಲ್ ಪುಸ್ತಕ: 1,215 ಟನ್. ಕ್ರೇಟ್ 40ರ ಬದಲು 31 ಕೆಜಿ, ಆಧಾರ ಒಂದು ವಾರದ ತೂಕ: 942 ಟನ್. ಹೋದ ವರ್ಷವೂ ಇದೇ ಕ್ರೇಟ್, 1,220 ಟನ್ ಈಗ 946 ಆಗಬೇಕು. ಕ್ರೇಟ್ ಬದಲಾದ ತಿಂಗಳು ಯಾವುದು ಅಂತ ಪಕ್ಕಾ ಗೊತ್ತಾದ ಮೇಲೆ ಅದರ ಹಿಂದಿನ ತಿಂಗಳುಗಳನ್ನು ನೋಡಬೇಕು. ಪಕ್ಕದ ಮೂರು ಇಳಿದಾಣಗಳಲ್ಲೂ ಇದೇ ಕ್ರೇಟ್ ಇದೆಯಂತೆ, ತಕ್ಕಡಿ ಕಳಿಸಿದೆ.'